ನಿಲಸ್ಕಲ್ಲಿನ ನಿಲುಗಲ್ಲುಗಳು ಮತ್ತು ಸೂರ್ಯೋದಯದ ರೇಖೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಜನ ನೆಟ್ಟರೆನ್ನಲಾದ ನಿಲುಗಲ್ಲುಗಳನ್ನು ಅಳೆದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಕೈಲಾಶ್ ರಾವ್ ಅವರು, ಅಲ್ಲಿನ ಹಲವು ಜೋಡಿ ಕಲ್ಲುಗಳನ್ನು ಕೂಡಿಸುವ ರೇಖೆಗಳು ಅಯನಾಂತದ, ಅಂದರೆ ಸೂರ್ಯ ಉತ್ತರ ಅಥವಾ ದಕ್ಷಿಣದ ಕೊನೆಯ ಮಿತಿಯನ್ನು ಮುಟ್ಟಿ ಹಿಂದಿರುಗುವ ಜೂನ್ ಮತ್ತು ಡಿಸೆಂಬರ್ ದಿನಗಳ, ಉದಯಾಸ್ತದ ದಿಕ್ಕುಗಳಿಗೆ ಹೊಂದುತ್ತವೆಂದು ಪ್ರತಿಪಾದಿಸಿದ್ದಾರೆ. ಅಳತೆಯ ಶ್ರಮ ಮೆಚ್ಚತಕ್ಕದ್ದೇ; ಆದರೆ ಹೊಂದಿಕೆ ಇದೆ ಎಂಬುದಕ್ಕೂ ಹೊಂದಿಸಿ ನೆಟ್ಟರು ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ.

ಬಯಲೊಂದರಲ್ಲಿ 100 ಕಲ್ಲುಗಳು ಮನಬಂದಂತೆ ನಿಂತಿವೆ ಎಂದುಕೊಂಡರೂ ಅವುಗಳಿಂದ 4,950 ಜೋಡಿಗಳಾಗುತ್ತವೆ. ಜೂನ್ ಉದಯದ ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ಹೆಚ್ಚುಕಡಿಮೆ ಡಿಸೆಂಬರ್ ಅಸ್ತದ ರೇಖೆಯೇ ಆಗುವುದರಿಂದ ಪರೀಕ್ಷಿಸಬೇಕಾದ ರೇಖೆಗಳು ಎರಡೇ. ಪ್ರತಿಯೊಂದಕ್ಕೂ ಆಚೀಚೆ ಒಂದು ಡಿಗ್ರಿ ಸಡಿಲ ಕೊಟ್ಟರೆ 180 ಡಿಗ್ರಿಗಳಲ್ಲಿ ನಾಲ್ಕು ಡಿಗ್ರಿ ಒಪ್ಪಿಗೆಯಾಗಿ, ಯಾರ ಉದ್ದೇಶವೂ ಇಲ್ಲದೆ ಸುಮಾರು 110 ಜೋಡಿಗಳು ಸೂರ್ಯನತ್ತ ಮುಖ ಮಾಡುತ್ತವೆ. ಹೀಗಿರುವಾಗ ಹೊಂದಿದ ಜೋಡಿಗಳನ್ನಷ್ಟೇ ನಕ್ಷೆಯಲ್ಲಿ ಎತ್ತಿ ತೋರಿಸಿದರೆ ಸಾಲದು, ಹೊಂದದವುಗಳ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ.

ಮಲೆನಾಡಿನ ಕಾಡು ಮತ್ತು ಗುಡ್ಡಗಳು ಕ್ಷಿತಿಜವನ್ನು ಮರೆಮಾಡುತ್ತವೆಂಬ ಆಕ್ಷೇಪ ಮಾತ್ರ ತೋರುವಷ್ಟು ಗಟ್ಟಿಯಲ್ಲ. 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಸೂರ್ಯ ಬಹುಮಟ್ಟಿಗೆ ನೇರವಾಗಿ ಮೇಲೇರುವುದರಿಂದ ಎರಡು ಡಿಗ್ರಿ ಎತ್ತರದ ಗುಡ್ಡ ಉದಯಬಿಂದುವನ್ನು ಅರ್ಧ ಡಿಗ್ರಿಯಷ್ಟು ಮಾತ್ರ ಸರಿಸುತ್ತದೆ. ಇಂಗ್ಲೆಂಡಿನ ಶಿಲಾವೃತ್ತವಾದ ಸ್ಟೋನ್‌ಹೆಂಜ್‌ನಲ್ಲಿ ಅಷ್ಟೇ ಎತ್ತರ ಅಯನಾಂತದ ಉದಯಬಿಂದುವನ್ನು ಸುಮಾರು ಮೂರು ಡಿಗ್ರಿ ಸರಿಸುತ್ತಿತ್ತು.

ಆದರೂ ಸ್ಟೋನ್‌ಹೆಂಜ್‌ನ ವಾದ ಹೆಚ್ಚು ಬಲವಾಗಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಜೋಡಿಗಳನ್ನು ಆರಿಸುವ ಪ್ರಮೇಯವೇ ಬರುವುದಿಲ್ಲ: ದೊಡ್ಡ ಕಲ್ಲುಗಳ ಮಧ್ಯರೇಖೆ ಮತ್ತು ಎರಡೂ ಬದಿಗೆ ಮಣ್ಣಿನ ದಿಬ್ಬಗಳಿರುವ ಪ್ರವೇಶಮಾರ್ಗ ಅಯನಾಂತದ ಒಂದೇ ದಿಕ್ಕನ್ನು ಹಿಡಿದಿವೆ. ನಿಲಸ್ಕಲ್ಲಿನಲ್ಲಿ ಅದಕ್ಕೆ ಹತ್ತಿರವಾಗುವ ಸಾಕ್ಷ್ಯ ಜೋಡಿರೇಖೆಗಳಲ್ಲಿಲ್ಲ, ಕಲ್ಲುಗಳ ಮೈಯಲ್ಲೇ ಇದೆ. ಹಲಗೆಯಂತೆ ಚಪ್ಪಟೆಯಾದ ಈ ಬಂಡೆಗಳ ಉದ್ದ ಸುಮಾರಾಗಿ ಉತ್ತರ–ದಕ್ಷಿಣಕ್ಕೆ, ಅಗಲ ಮುಖ ಪೂರ್ವ–ಪಶ್ಚಿಮಕ್ಕೆ ಇರುವುದನ್ನು ಆಕಸ್ಮಿಕವೆನ್ನಲಾಗದು. ನೆಟ್ಟವರಿಗೆ ಮೂಡಣ ದಿಕ್ಕಿನ ಮೇಲೆ ಗಮನವಿತ್ತೆಂದು ಇದರಿಂದ ಧೈರ್ಯವಾಗಿ ಹೇಳಬಹುದಾದರೂ, ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ವಾಲುವ ಜೂನ್ ಉದಯವನ್ನು ಅವರು ಗುರುತಿಟ್ಟರೆಂಬ ಮಾತಿಗೆ ಈ ಮುಖಗಳ ಬೆಂಬಲ ದೊರೆಯುವುದಿಲ್ಲ.