ಕಚ್ಚಿಕೊಂಡ ಬೋಲ್ಟು

ಎಂಜಿನ್ನನ್ನು ಬಿಚ್ಚಿ ಮರಳಿ ಜೋಡಿಸಬಲ್ಲವರು ಅನೇಕರುಂಟು. ಆದರೆ ಬಹುವರ್ಷಗಳ ತಾಪದಲ್ಲಿ ಬೆಂದು, ತುಕ್ಕಿನಿಂದ ಕಚ್ಚಿಕೊಂಡು, ಅವಸರದವರ ಪಾನಾ ಜಾರಿ ತಲೆಯ ಮೂಲೆಗಳನ್ನೂ ಕಳೆದುಕೊಂಡ ಬೋಲ್ಟನ್ನು ಮುರಿಯದೆ ಹೊರತರಬಲ್ಲ ಮೇಸ್ತ್ರಿಯ ಕೌಶಲವು, ನನ್ನ ದೃಷ್ಟಿಯಲ್ಲಿ, ಯಾವ ಲಲಿತಕಲೆಗೂ ಕಡಿಮೆಯಾದುದಲ್ಲ.

ಕಬ್ಬಿಣವು ತುಕ್ಕಾದಾಗ ಗಾತ್ರದಲ್ಲಿ ಹಿಗ್ಗುವುದರಿಂದ ಥ್ರೆಡ್ಡುಗಳ ನಡುವಣ ಅತ್ಯಲ್ಪ ಅವಕಾಶವೂ ತುಂಬಿಹೋಗುತ್ತದೆ. ಅಂತಹ ಬಂಧನವನ್ನು ಕೇವಲ ಬಾಹುಬಲದಿಂದ ಬಿಡಿಸಹೊರಟವನಿಗೆ ಬಹುಮಟ್ಟಿಗೆ ದೊರೆಯುವುದು ತುಂಡಾದ ತಲೆಯೊಂದೇ. ಬಲ್ಲವನು ಮೊದಲು ತಂತಿಯ ಬ್ರಷ್ಷಿನಿಂದ ಕಿಟ್ಟವನ್ನು ಉಜ್ಜಿ, ಬುಡಕ್ಕೆ ತುಕ್ಕುಬಿಡಿಸುವ ಎಣ್ಣೆಯನ್ನು ಹನಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಮರುದಿನ ಬೋಲ್ಟಿನ ನೆತ್ತಿಗೆ ಸುತ್ತಿಗೆಯಿಂದ ಹದವಾಗಿ ತಟ್ಟುತ್ತಾನೆ. ಅನಂತರ ಆರು ಮುಖಗಳ ಸಾಕೆಟ್ಟನ್ನು ಕೂರಿಸಿ, ಬಿಚ್ಚುವುದಕ್ಕೆ ಬದಲಾಗಿ ಕೂದಲೆಳೆಯಷ್ಟು ಬಿಗಿಯುತ್ತಾನೆ. ನೋಡುವವರಿಗೆ ಇದು ವಿಪರೀತವೆಂದು ತೋರಬಹುದು. ಆದರೆ ತುಕ್ಕಿನ ಪದರವು ಮೊದಲು ಬಿರಿಯುವುದು ಆ ಅಲ್ಪ ಚಲನೆಯಲ್ಲಿಯೇ. ಬಳಿಕ ಕಾಲು ಸುತ್ತು ಹಿಂದಕ್ಕೆ, ಅದರರ್ಧ ಮುಂದಕ್ಕೆ, ಮತ್ತೆ ಎಣ್ಣೆ. ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಮ್ಮಿನದಾದರೆ ಶಾಖವೂ ನೆರವಾಗುತ್ತದೆ: ಆ ಲೋಹವು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಸುತ್ತಲೂ ಕಾಯಿಸಿದಾಗ ರಂಧ್ರವು ತಾನಾಗಿ ಸಡಿಲಗೊಳ್ಳುತ್ತದೆ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದುದು ತಲೆಯೇ ಹಾರಿಹೋದ ಬೋಲ್ಟಿನ ಚಿಕಿತ್ಸೆ. ಮುರಿದ ಮೈಯ ಮೇಲೆ ಹೊಸ ನಟ್ಟೊಂದನ್ನಿರಿಸಿ, ಅದರ ನಡುವಿನಿಂದ ವೆಲ್ಡ್ ಮಾಡಿ, ಕೆಂಪು ಆರುವವರೆಗೆ ಕಾದು ಪಾನಾ ಹಾಕಿದಾಗ, ಹಿಡಿತಕ್ಕೆ ತಲೆಯೂ ತುಕ್ಕನ್ನು ಬಿರಿಯಿಸುವ ಕಾವೂ ಏಕಕಾಲದಲ್ಲಿ ಒದಗುತ್ತವೆ. ಕಿರ್ರೆಂಬ ಸದ್ದಿನೊಡನೆ ಬೋಲ್ಟು ಬಿಟ್ಟುಕೊಟ್ಟರೆ ಮೇಸ್ತ್ರಿ ಮುಂದುವರಿಯುತ್ತಾನೆ. ಮಣಿಕಟ್ಟಿಗೆ ತಾಗುತ್ತಿದ್ದ ಬಿಗಿ ಥಟ್ಟನೆ ಮೆತ್ತಗಾದರೆ, ಉಕ್ಕು ತಿರುಚಿಕೊಳ್ಳುತ್ತಿರುವುದನ್ನರಿತು, ಅಲ್ಲಿಗೇ ಕೈ ತಡೆದು ಮತ್ತೊಮ್ಮೆ ಕಾಯಿಸುತ್ತಾನೆ.