ಹಳೆಯ ಚಿತ್ರಗಳಲ್ಲಿ ನಾವೆಲ್ಲಿದ್ದೆವು?

ಸಿನಿಮಾದ ಮಾತು ಬಂದರೆ ನಮ್ಮ ಹಿರಿಯರದು ಒಂದೇ ತೀರ್ಪು: 'ಆ ಕಾಲದ ಚಿತ್ರಗಳೆಲ್ಲಿ, ಈಗಿನವೆಲ್ಲಿ!' ಉರ್ದು ಓದಿ ಬೆಳೆದ ನಮಗೂ ಆ ಮೋಹ ಇಲ್ಲದಿಲ್ಲ. 'ಚೌದವೀ ಕಾ ಚಾಂದ್' (1960), 'ಮೇರೆ ಮೆಹಬೂಬ್' (1963) ಚಿತ್ರಗಳ ಮಾತಿನ ನಯ, ಶಕೀಲ್ ಬದಾಯೂನಿಯವರ ಗೀತೆಗಳ ಸೊಗಸು ಇಂದು ಅಪರೂಪವೇ.

ಆದರೆ ಆ ಹವೇಲಿಗಳಲ್ಲಿ ನಾವೆಲ್ಲಿದ್ದೆವು? ನವಾಬರಿದ್ದರು, ಶಾಯರಿಯಿತ್ತು, ಬುರ್ಖಾದೊಳಗೆ ಸುಂದರಿಯರಿದ್ದರು. ಬೀಡಿ ಕಟ್ಟುವ ಹೆಂಗಸು, ಬಾಡಿಗೆ ಮನೆಯ ದರ್ಜಿ ಕಾಣಲಿಲ್ಲ. 'ಚೌದವೀ ಕಾ ಚಾಂದ್'ನಲ್ಲಿ ಪರದೆಯಿಂದಾದ ಗೊಂದಲವೇ ಕಥೆಯ ಗಂಟು. ಪರದೆಯ ಹಿಂದಿನವಳಿಗೆ ಏನನ್ನಿಸಿತೆಂಬುದು ಮುಖ್ಯವಲ್ಲ.

ಹಾಗೆಂದು ಹಳೆಯದೆಲ್ಲ ಹುಸಿಯೂ ಅಲ್ಲ. ಮೈಸೂರಿನ ಎಂ.ಎಸ್. ಸತ್ಯು ಅವರ 'ಗರಂ ಹವಾ' (1973) ಕೂಡ ಹಳೆಯದೇ. ಬಲರಾಜ್ ಸಾಹನಿಯವರ ಸಲೀಂ ಮಿರ್ಜಾ ಆಗ್ರಾದಲ್ಲಿ ಬೂಟು ತಯಾರಿಸುವವನು. ದೇಶ ಒಡೆದ ಮೇಲೆ ಅವನಿಗೆ ಸಾಲ ಹುಟ್ಟದು, ಬಾಡಿಗೆಗೆ ಮನೆ ಸಿಗದು. ಇದು ನಮಗೆ ಪರಿಚಿತ ಸಂಕಟ.

ಹೊಸ ಶತಮಾನದಲ್ಲಿ ಬಂದದ್ದು ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004). ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಅದಕ್ಕೆ ಆಧಾರ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಗಂಡ ಕೈಬಿಟ್ಟ ಹೆಣ್ಣು ಮಕ್ಕಳೊಂದಿಗೆ ಮಸೀದಿಯೆದುರು ಕುಳಿತು ನ್ಯಾಯ ಕೇಳುತ್ತಾಳೆ. 'ಗರಂ ಹವಾ' ನೋಡಿ ನಾವು ಸಮಾಜವನ್ನು ಪ್ರಶ್ನಿಸಬಹುದು. 'ಹಸೀನಾ'ದಲ್ಲಿ ಉತ್ತರ ಕೊಡಬೇಕಾದವರು ನಾವೇ.

ಹಳೆಯದನ್ನು ಹೊಗಳುವವರು ಈ ಚಿತ್ರವನ್ನು ನೆನೆಯುವುದು ಕಡಿಮೆ. ತೆರೆಯ ಮೇಲೆ ನಮ್ಮನ್ನು ನವಾಬರಾಗಿ ನೋಡಿಕೊಳ್ಳುವುದು ಹಿತ. ಮುತವಲ್ಲಿಗಳಾಗಿ ನೋಡಿಕೊಳ್ಳುವುದು ಕಷ್ಟ.