ಹೊಸ ಹೈಲಕ್ಸ್: ಮುಖ ಸರಿ, ಬೆನ್ನು?

ಟೊಯೋಟಾ ಹೈಲಕ್ಸ್‌ನ ಒಂಬತ್ತನೇ ಪೀಳಿಗೆ 2025ರ ನವೆಂಬರ್ 10ರಂದು ಬ್ಯಾಂಕಾಕ್‌ನಲ್ಲಿ ಅನಾವರಣಗೊಂಡಾಗಿನಿಂದ ಆಫ್‌ರೋಡ್ ಹುಚ್ಚಿನವರಲ್ಲಿ ಎರಡು ಪಕ್ಷಗಳಾಗಿವೆ. ಒಂದು ಪಕ್ಷಕ್ಕೆ ಅದರ ಮುಖ ಹಿಡಿಸಿಲ್ಲ. ಇನ್ನೊಂದಕ್ಕೆ, ಮುಖ ಬಿಟ್ಟರೆ ಬೇರೇನೂ ಬದಲಾಗಿಲ್ಲವಲ್ಲ ಎಂಬ ಬೇಸರ. ನನಗಂತೂ ಮುಖದ ಚಿಂತೆಯಿಲ್ಲ. ಮಳೆಗಾಲದ ಎಸ್ಟೇಟ್ ರಸ್ತೆಗೆ ಇಳಿದ ಐದೇ ನಿಮಿಷಕ್ಕೆ ಎಲ್ಲ ಪಿಕಪ್‌ಗಳ ಮುಖವೂ ಒಂದೇ. ನನ್ನ ಅನುಮಾನ ಇರುವುದು ಹಿಂದಿನ ಆಕ್ಸಲ್ ಬಗ್ಗೆ.

ಬದಲಾಗದೆ ಉಳಿದದ್ದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಬಾಗಿಲು, ಛಾವಣಿಗಳ ಆಕಾರ ಹೆಚ್ಚುಕಡಿಮೆ ಹಿಂದಿನದೇ. ಅಡಿಯಲ್ಲಿರುವ ಲ್ಯಾಡರ್ ಫ್ರೇಮ್ ಕೂಡ ಅದೇ ಕುಟುಂಬದ್ದು. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಚಾಸಿಯ ಬಂಧುಗಳೇ ನಮ್ಮಲ್ಲಿ ಓಡುವ ಫಾರ್ಚುನರ್, ಇನ್ನೋವಾ ಕ್ರಿಸ್ಟಾ. ಫಾರ್ಚುನರ್‌ನ 2.8 ಲೀಟರ್ ಡೀಸೆಲ್ ಎಂಜಿನ್ನೇ ಹೈಲಕ್ಸ್‌ನಲ್ಲೂ ಇದೆ: 204 ಪಿಎಸ್, ಆಟೊಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್. ಈ ಜಿಡಿ ಸರಣಿಯ ಎಂಜಿನ್‌ಗಳು ಬೆಂಗಳೂರಿನ ಪಕ್ಕದ ಜಿಗಣಿಯಲ್ಲೇ ತಯಾರಾಗುತ್ತವೆ. 2022ರಿಂದ ನಮ್ಮಲ್ಲಿ ಮಾರಾಟವಾಗುತ್ತಿರುವ ಎಂಟನೇ ಪೀಳಿಗೆಯ ಹೈಲಕ್ಸ್ ಜೋಡಣೆಯಾಗುವುದು ಬಿಡದಿಯಲ್ಲಿ. ಕಾಡಿನ ಅಂಚಿನಲ್ಲಿ ಗಾಡಿ ಕೈಕೊಟ್ಟರೆ ನಮ್ಮನ್ನು ಮನೆ ಸೇರಿಸುವುದು ಹಾಸನದಲ್ಲೋ ಶಿವಮೊಗ್ಗದಲ್ಲೋ ಸಿಗುವ ಸ್ಪೇರ್ ಪಾರ್ಟು, ಅದನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೆಕ್ಯಾನಿಕ್ಕು. ಹಳೆಯ ಚಾಸಿ ಉಳಿದಿದ್ದರೆ ಉಳಿಯಲಿ.

ಕಸಿವಿಸಿ ಇರುವುದು ಲೀಫ್ ಸ್ಪ್ರಿಂಗ್ ವಿಷಯದಲ್ಲಿ. ಗ್ಯಾರೇಜಿನವರು ಕಮಾನು ಪಟ್ಟಿ ಎನ್ನುತ್ತಾರಲ್ಲ, ಅದೇ. ಒಂದರ ಮೇಲೊಂದು ಪೇರಿಸಿದ ಈ ಉಕ್ಕಿನ ಪಟ್ಟಿಗಳು ಭಾರ ಹೊರುವುದರ ಜೊತೆಗೆ ಆಕ್ಸಲನ್ನೂ ಅದರ ಜಾಗದಲ್ಲಿ ಹಿಡಿದಿಡುತ್ತವೆ. ಬೇರೆ ತೋಳುಗಳ ಹಂಗಿಲ್ಲ, ಮುರಿಯುವುದು ಕಡಿಮೆ, ಮುರಿದರೂ ಊರ ಕಮ್ಮಾರ ಕೈಹಾಕಬಲ್ಲ. ಆದರೆ ಇವನ್ನು ಮಾಡಿರುವುದು ಸುಮಾರು ಒಂದು ಟನ್ ಹೊರುವ ಲೆಕ್ಕದಲ್ಲಿ. ನಮ್ಮಲ್ಲಿ ಹೈಲಕ್ಸ್ ಕೊಳ್ಳುವವರು ಏನು ಹೊರುತ್ತಾರೆ? ಒಂದು ಟೆಂಟು, ಎರಡು ಸೈಕಲ್ಲು, ಬಹಳವೆಂದರೆ ನಾಲ್ಕು ಮೂಟೆ ಗೊಬ್ಬರ. ಉಳಿದ ದಿನವೆಲ್ಲ ಡೆಕ್ ಖಾಲಿ. ಖಾಲಿ ಡೆಕ್ಕಿನ ಗಾಡಿ ಗುಂಡಿ ರಸ್ತೆಯಲ್ಲಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಹಿಂಗಾಲು ಎತ್ತಿ ಎಗರುತ್ತದೆ. ಜಲ್ಲಿ ಹಾಸಿದ ತಿರುವಿನಲ್ಲಿ ಆ ಎಗರಾಟದ ಜೊತೆ ಹಿಂಭಾಗ ಪಕ್ಕಕ್ಕೂ ಜರುಗುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಸೊಂಟವನ್ನು ಕೇಳಿ ನೋಡಿ.

ಇದಕ್ಕೆ ಮದ್ದಿಲ್ಲವೇ ಎಂದರೆ, ಇದೆ. ಫಾರ್ಚುನರ್‌ನ ಹಿಂಬದಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇದೆ. ನಿಸಾನ್ 2014ರಲ್ಲೇ ನವಾರಾ ಡಬಲ್ ಕ್ಯಾಬ್‌ಗೆ ಕಾಯಿಲ್ ಹಾಕಿತು. ಫೋರ್ಡ್ ರೇಂಜರ್ ರ‍್ಯಾಪ್ಟರ್‌ನಲ್ಲೂ ಅದೇ. ಆದರೆ ಅದು ಹೊರುವ ಭಾರ ಒಂದು ಟನ್ನಿಗಿಂತ ಎಷ್ಟೋ ಕಡಿಮೆ. ಖಾಲಿಯಾಗಿಯೇ ಓಡಿಸುವವರಿಗೆ ಆ ನಷ್ಟ ಲೆಕ್ಕಕ್ಕೇ ಬಾರದು. ಟೊಯೋಟಾ ಮಾತ್ರ ಪಟ್ಟಿಯನ್ನು ಬಿಟ್ಟಿಲ್ಲ. ಆಸ್ಟ್ರೇಲಿಯಾದ ರೈತನಿಗೂ ಆಫ್ರಿಕಾದ ಗಣಿಗೂ ಅದು ಬೇಕು, ನಿಜ. ಸಕಲೇಶಪುರಕ್ಕೆ ವಾರಾಂತ್ಯದಲ್ಲಿ ಹೋಗಿಬರುವವನಿಗೆ ಬೇಡ.

ಸ್ಟೀರಿಂಗ್ ಬದಲಾವಣೆಯ ಬಗ್ಗೆ ನನಗೆ ಆಸೆಯೇ ಹೆಚ್ಚು. ಹೈಡ್ರಾಲಿಕ್ ಹೋಗಿ ಎಲೆಕ್ಟ್ರಿಕ್ ಬಂದಿದೆ. ಬಂಡೆಗಳ ನಡುವೆ ಗಾಡಿ ಓಡಿಸಿದವರಿಗೆ ಗೊತ್ತು, ಹೆಬ್ಬೆರಳನ್ನು ಸ್ಟೀರಿಂಗ್ ಚಕ್ರದ ಒಳಗೆ ಸಿಕ್ಕಿಸಬಾರದು. ಮುಂದಿನ ಟಯರು ಕಲ್ಲಿಗೆ ಬಡಿದಾಗ ಸ್ಟೀರಿಂಗ್ ಗಿರ್ರನೆ ತಿರುಗಿ ಬೆರಳನ್ನೇ ಮುರಿದೀತು. ಎಲೆಕ್ಟ್ರಿಕ್ ವ್ಯವಸ್ಥೆ ಆ ಹೊಡೆತವನ್ನು ಬಹುಪಾಲು ನುಂಗುತ್ತದೆ, ಕಿರಿದಾದ ತೋಟದ ತಿರುವಿನಲ್ಲಿ ತೋಳಿನ ಶ್ರಮವೂ ಉಳಿಯುತ್ತದೆ. ಜೊತೆಗೆ ಚಕ್ರ ಎಷ್ಟು ಜಾರುತ್ತಿದೆ ಎಂಬುದು ಅಂಗೈಗೆ ತಿಳಿಯುವುದೂ ತುಸು ಕಡಿಮೆಯಾದೀತು. ಆಗಲಿ, ಬೆರಳು ಉಳಿದರೆ ಸಾಕು.

ಹೈಲಕ್ಸ್ ಮಾತು ಬಂದರೆ ಯಾರಾದರೊಬ್ಬರು 2003ರ ಟಾಪ್ ಗಿಯರ್ ಕಾರ್ಯಕ್ರಮವನ್ನು ಎತ್ತದೆ ಬಿಡುವುದಿಲ್ಲ. ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡವುವ ಕಟ್ಟಡದ ಮೇಲಿಟ್ಟು ಬೀಳಿಸಿದರೂ ಆ ಗಾಡಿ ಮತ್ತೆ ಸ್ಟಾರ್ಟ್ ಆಯಿತು ಎಂಬ ಪುರಾಣ. ಸುಳ್ಳಲ್ಲ. ಆದರೆ ಅದು 1988ರ ಮಾದರಿ. ಸ್ಪ್ಯಾನರ್ ಹಿಡಿದು ಎಬ್ಬಿಸಬಹುದಾದ ಸರಳ ಡೀಸೆಲ್ ಎಂಜಿನ್. ದೊಡ್ಡ ಪರದೆ, ಗಾಡಿಯಡಿಯ ನೆಲ ತೋರಿಸುವ ಕ್ಯಾಮೆರಾ, ನೆಲದ ಬಗೆಗೆ ತಕ್ಕಂತೆ ಎಳೆತ ಹೊಂದಿಸುವ ಮೋಡ್‌ಗಳನ್ನು ಹೊತ್ತ ಹೊಸ ಗಾಡಿಗೆ ಆ ಸರ್ಟಿಫಿಕೇಟ್ ವರ್ಗಾವಣೆಯಾಗುವುದಿಲ್ಲ. ಅದರ ಗಟ್ಟಿತನವನ್ನು ಹೊಸದಾಗಿಯೇ ಪರೀಕ್ಷಿಸಬೇಕು. 700 ಮಿಲಿಮೀಟರ್ ನೀರು ದಾಟುವ ಸಾಮರ್ಥ್ಯವನ್ನು ಉಳಿಸಿಕೊಂಡಿದ್ದಾರೆ ಎಂಬುದು ಒಳ್ಳೆಯ ಸೂಚನೆ.

ಬ್ಯಾಟರಿ ಹೈಲಕ್ಸ್ ಕೂಡ ಬಂದಿದೆ. ಎರಡೂ ಆಕ್ಸಲ್‌ಗೆ ಮೋಟಾರು, 59.2 ಕಿಲೋವ್ಯಾಟ್ ಅವರ್ ಬ್ಯಾಟರಿ. ಇಂಚಿಂಚಾಗಿ ಕಲ್ಲು ಹತ್ತುವಾಗ ಕ್ಲಚ್ಚಿಲ್ಲದ, ಸದ್ದಿಲ್ಲದ ಮೋಟಾರಿನ ಎಳೆತಕ್ಕೆ ಸಾಟಿಯಿಲ್ಲ. ಆದರೆ ಯುರೋಪಿನ ಅಳತೆಯಲ್ಲೇ ಒಂದು ಚಾರ್ಜಿಗೆ ಸುಮಾರು 240 ಕಿಲೋಮೀಟರ್, ಹೊರುವುದು 715 ಕಿಲೋ. ಬೆಂಗಳೂರಿನಿಂದ ಸಕಲೇಶಪುರವೇ ಸುಮಾರು 220. ಅಲ್ಲಿಂದಾಚೆ ತಾನೇ ನಮ್ಮ ಆಟ ಶುರುವಾಗುವುದು! ನಮಗದು ಸದ್ಯಕ್ಕೆ ಬೇಡ.

ಇನ್ನು ಬೆಲೆ. 2022ರ ಮಾರ್ಚ್‌ನಲ್ಲಿ ಎಕ್ಸ್‌ಶೋರೂಂ ದರ 33.99 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. ಒಂದೇ ವರ್ಷದಲ್ಲಿ ಆರಂಭದ ಮಾದರಿಯನ್ನು 30.40 ಲಕ್ಷಕ್ಕೆ ಇಳಿಸಬೇಕಾಯಿತು. ಫಾರ್ಚುನರ್‌ಗೆ ಕೊಡುವಷ್ಟು ದುಡ್ಡನ್ನು ಲಗೇಜು ನೆನೆಯುವ ಗಾಡಿಗೆ ಸುರಿಯಲು ನಮ್ಮವರು ಸುಲಭಕ್ಕೆ ಒಪ್ಪುವುದಿಲ್ಲ ಎಂಬುದು ಕಂಪನಿಗೆ ಆಗಲೇ ಗೊತ್ತಾಗಿರಬೇಕು. ಹೊಸ ಪರದೆ, ಕ್ಯಾಮೆರಾಗಳ ನೆಪದಲ್ಲಿ ದರ ಮತ್ತೆ ಮೇಲೇರಿದರೆ ಅದೇ ಕಥೆ ಮರುಕಳಿಸೀತು. ನನ್ನನ್ನು ಕೇಳಿದರೆ ಪರದೆ ಚಿಕ್ಕದಿರಲಿ. ಆ ದುಡ್ಡಲ್ಲಿ ಈಗಿನ ಹಿಂಬದಿ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿ, ಭಾರತದ ಮಾದರಿಗೆ ಮೆತ್ತಗಿನ ಪಟ್ಟಿ ಕೊಡಿ. ಡೆಕ್ ಹತ್ತಲು ಬಂಪರಿನ ಮೂಲೆಯಲ್ಲಿ ಹೊಸದಾಗಿ ಕೊಟ್ಟಿರುವ ಮೆಟ್ಟಿಲನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಇಡೀ ವಿನ್ಯಾಸದಲ್ಲಿ ಗಾಡಿಯನ್ನು ನಿಜಕ್ಕೂ ಬಳಸುವವನು ಯೋಚಿಸಿ ಮಾಡಿದ ಭಾಗ ಅದೊಂದೇ ಅನಿಸುತ್ತದೆ.

ಹೊಸ ಗಾಡಿ ನಿಮ್ಮೂರಿನ ಶೋರೂಮಿಗೆ ಬಂದಾಗ ಟೆಸ್ಟ್ ಡ್ರೈವ್‌ಗೆಂದು ಹೆದ್ದಾರಿಗೆ ಕರೆದೊಯ್ದರೆ ಒಪ್ಪಬೇಡಿ. ಡೆಕ್ ಖಾಲಿ ಇರಲಿ, ಊರಿನ ಅತಿ ಕೆಟ್ಟ ರಸ್ತೆ ಆರಿಸಿ, ಸ್ಟೀರಿಂಗನ್ನು ಸೇಲ್ಸ್‌ನವರ ಕೈಗೆ ಕೊಟ್ಟು ನೀವು ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಬುಕಿಂಗ್ ಹಣದ ಮಾತು ಆಮೇಲೆ.